ಸ್ಟೆಂಟ್ ರಿಜಿಸ್ಟರ್‌ನಿಂದ ಶುರುವಾದ ನನ್ನ ಸಂಶೋಧನೆ

ಕಾರವಾರಕ್ಕೆ ಯುರಾಲಜಿಸ್ಟ್ ಆಗಿ ಬಂದ ಹೊಸತರಲ್ಲಿ ಸಂಶೋಧನೆ ಅಂದ್ರೆ ದೊಡ್ಡ ಊರಿನವರ ಕೆಲಸ ಅಂತಲೇ ನಂಬಿದ್ದೆ. ಆ ನಂಬಿಕೆ ಬದಲಾಗಿದ್ದು ಬೈತಖೋಲ ಬಂದರಿನ ಒಬ್ಬ ಖಲಾಸಿಯಿಂದ. ಅವನು ಬೇರೆ ಊರಲ್ಲಿ ಕಿಡ್ನಿ ಕಲ್ಲು ತೆಗೆಸಿಕೊಂಡಿದ್ದ. ಆಗ ಒಳಗೆ ಹಾಕಿದ ಡಬಲ್ ಜೆ ಸ್ಟೆಂಟ್ ವರ್ಷ ಕಳೆದರೂ ಹಾಗೇ ಇತ್ತು. ಎಕ್ಸ್‌ರೇ ನೋಡಿದೆ. ಎರಡೂ ತುದಿಗೆ ಕಲ್ಲು ಕಟ್ಟಿತ್ತು.

ಈ ಸ್ಟೆಂಟ್ ಒಂದು ಗೇಣಿಗಿಂತ ತುಸು ಉದ್ದದ ಮೆತ್ತನೆ ಕೊಳವೆ. ಕಿಡ್ನಿಯಿಂದ ಮೂತ್ರಕೋಶದವರೆಗೆ ಕೂತು, ಊತ ಇಳಿಯುವ ತನಕ ಮೂತ್ರದ ದಾರಿ ತೆರೆದಿಡುತ್ತದೆ. 1978ರಲ್ಲಿ ಫಿನ್ನಿ ಅನ್ನುವ ವೈದ್ಯರು ಇದರ ಬಗ್ಗೆ ಬರೆದರು. ಕೆಲವು ವಾರಕ್ಕೆ ತೆಗೆದರೆ ಕೆಲವೇ ನಿಮಿಷದ ಕೆಲಸ. ತಿಂಗಳುಗಟ್ಟಲೆ ಬಿಟ್ಟರೆ ಮೂತ್ರದಲ್ಲಿನ ಲವಣ ಅದರ ಮೇಲೆ ಪದರ ಪದರವಾಗಿ ಕೂರುತ್ತದೆ. ಆಮೇಲೆ ಒಂದಲ್ಲ, ಎರಡು ಮೂರು ಆಪರೇಷನ್ ಬೇಕಾಗಬಹುದು. ಕಿಡ್ನಿಯೇ ಹೋಗಲೂಬಹುದು.

‘ನೋವು ಹೋಗಿತ್ತಲ್ಲ ಡಾಕ್ಟ್ರೇ, ಬೋಟ್ ಬಿಟ್ಟು ಹೇಗೆ ಬರೋದು?’ ಅಂದ ಅವನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾವು ಕೊಟ್ಟ ತಾರೀಕಿಗೆ ಅವನು ಸಮುದ್ರದಲ್ಲಿ ಇರುತ್ತಾನೆ. ಚೀಟಿ ನೆನೆದು ಹರಿದಿರುತ್ತದೆ. ಹಾಗಾದರೆ ಎಷ್ಟು ಜನ ಹೀಗೆ ಮರೆಯುತ್ತಾರೆ, ಯಾಕೆ ಮರೆಯುತ್ತಾರೆ? ಅವತ್ತೇ ಪೇಟೆಯಿಂದ ಉದ್ದದ ಒಂದು ರಿಜಿಸ್ಟರ್ ತಂದೆ.

ಎರಡು ವರ್ಷ ಬರೆದ ಮೇಲೆ ಸಂಶೋಧನಾ ಪೇಪರ್ ಮಾಡಿ ಒಂದು ವೈದ್ಯಕೀಯ ಪತ್ರಿಕೆಗೆ ಕಳಿಸಿದೆ. ತಿರಸ್ಕಾರವಾಗಿ ವಾಪಸ್ ಬಂತು. ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸಿದ ರಿವ್ಯೂವರ್ ಕೇಳಿದ್ದು ಒಂದೇ ಪ್ರಶ್ನೆ: ಸ್ಟೆಂಟ್ ಹಾಕಿದ್ದು ಒಟ್ಟು ಎಷ್ಟು ಜನರಿಗೆ, ಅದರಲ್ಲಿ ಎಷ್ಟು ಜನರ ಸುದ್ದಿಯೇ ಸಿಕ್ಕಿಲ್ಲ? ನಾನು ತಡವಾಗಿ ಬಂದವರನ್ನು ಮಾತ್ರ ಬರೆದಿದ್ದೆ. ಸರಿಯಾದ ದಿನಕ್ಕೆ ಬಂದವರೂ ಇಲ್ಲ, ಬಾರದೇ ಹೋದವರೂ ಇಲ್ಲ. ಭಿನ್ನರಾಶಿಯ ಮೇಲಿನ ಅಂಕಿ ಇತ್ತು, ಕೆಳಗಿನದು ಇರಲಿಲ್ಲ. ವಾರಗಟ್ಟಲೆ ಬೇಜಾರಾಗಿತ್ತು. ಆದರೆ ನನ್ನ ಇಡೀ ಓದಿನಲ್ಲಿ ಇಷ್ಟು ಉಪಯೋಗಕ್ಕೆ ಬಂದ ಪ್ರಶ್ನೆ ಇನ್ನೊಂದಿಲ್ಲ.

ಮೊದಲಿಂದ ಶುರು ಮಾಡಿದೆ. ಎಥಿಕ್ಸ್ ಕಮಿಟಿಯ ಅನುಮತಿ, ರೋಗಿಯ ಒಪ್ಪಿಗೆ ಎಲ್ಲ ಹೊಸದಾಗಿ ಪಡೆದೆ. ಸ್ಟೆಂಟ್ ಹಾಕಿದ ಪ್ರತಿಯೊಬ್ಬರ ಹೆಸರೂ ಆಪರೇಷನ್ ಥಿಯೇಟರಿನಿಂದ ಹೊರಗೆ ಬರುವ ಮೊದಲೇ ರಿಜಿಸ್ಟರಿಗೆ ಏರಬೇಕು. ರೋಗಿಯ ಫೋನ್ ಜೊತೆ ಮನೆಯವರ ಫೋನ್, ಬೋಟಿನ ಹೆಸರು, ಬೋಟ್ ನಡೆಸುವ ತಾಂಡೇಲನ ಫೋನ್ ಕೂಡ. ಕೊನೆಯ ಎರಡು ಕಾಲಂ ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದು. ಅವರು ಲೆಕ್ಕ ತಾಳೆ ನೋಡಿದರು, ಕರಡು ತಿದ್ದಿದರು. ಹಾಗಾಗಿ ಪೇಪರಿನಲ್ಲಿ ಅವರ ಹೆಸರೂ ಇದೆ. ಕೆಲಸ ಮಾಡಿದವರ ಹೆಸರು ಬಿಡೋದು, ಮಾಡದ ಹಿರಿಯರ ಹೆಸರು ಸೇರಿಸೋದು ಎರಡೂ ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಪೇಪರ್ ಅಚ್ಚಾದ ಮೇಲೆ ಇನ್ನೊಂದು ತೊಡಕು. ನನ್ನ ಅಡ್ಡಹೆಸರು ಹೆಗಡೆ. ನಮ್ಮ ಜಿಲ್ಲೆಯಲ್ಲಿ ಕೇರಿಗೊಬ್ಬ ಹೆಗಡೆ ಇದ್ದಾರೆ, ಅಲ್ವಾ? ಅದೇ ಇನಿಶಿಯಲ್ ಇರುವ ಬೇರೆಯವರ ಪೇಪರ್ ನನ್ನ ಲೆಕ್ಕಕ್ಕೆ, ನನ್ನದು ಅವರ ಲೆಕ್ಕಕ್ಕೆ ಸೇರುತ್ತಿತ್ತು. 2012ರಲ್ಲಿ ಶುರುವಾದ, ಸಂಶೋಧಕರ ನೋಂದಣಿಗೆಂದೇ ಇರುವ ಆರ್ಕಿಡ್‌ನಲ್ಲಿ 16 ಅಂಕಿಯ ಗುರುತು ಸಂಖ್ಯೆ ಸಿಗುತ್ತದೆ, ದುಡ್ಡೇನೂ ಬೇಡ. ಕಿರಿಯರಿಗೆ ನಾನು ಹೇಳೋದು, ಮೊದಲ ಪೇಪರಿಗಿಂತ ಮುಂಚೆಯೇ ಅದನ್ನು ಮಾಡಿಸಿ.

ಕಿರಿಯರು ಎಚ್-ಇಂಡೆಕ್ಸ್ ಬಗ್ಗೆಯೂ ಕೇಳುತ್ತಾರೆ. ಅದು 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ, ಒಬ್ಬರ ಸಂಶೋಧನೆ ಎಷ್ಟು ಬಳಕೆಯಾಗಿದೆ ಅನ್ನುವುದರ ಅಳತೆ. ತಲಾ 5 ಸಲವಾದರೂ ಬೇರೆಯವರು ಉಲ್ಲೇಖಿಸಿದ 5 ಪೇಪರ್ ಇದ್ದರೆ ಎಚ್-ಇಂಡೆಕ್ಸ್ 5. ನನ್ನದು ಚಿಕ್ಕದು. ನಾನು ಕಣ್ಣೆದುರು ಇಟ್ಟುಕೊಂಡಿದ್ದು ಆ ಅಂಕಿಯನ್ನಲ್ಲ, 1996ರ ಒಂದು ಪೇಪರನ್ನು. ಇಟಲಿಯ ಬೋರ್ಗಿ ಮತ್ತು ಸಂಗಡಿಗರು ಮೊದಲ ಸಲ ಕಲ್ಲಾದ 199 ಜನರನ್ನು 5 ವರ್ಷ ಹಿಂಬಾಲಿಸಿದರು. ಅರ್ಧದಷ್ಟು ಜನರಿಗೆ ಜಾಸ್ತಿ ನೀರು ಕುಡಿಯಲು ಹೇಳಿದರು. ಅವರಲ್ಲಿ ಶೇ. 12 ಮಂದಿಗೆ ಮತ್ತೆ ಕಲ್ಲಾಯಿತು. ಉಳಿದವರಲ್ಲಿ ಶೇ. 27. ಪ್ರಶ್ನೆ ಎಷ್ಟು ಸರಳ! ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಅಂತ ಇವತ್ತು ನಾನು ಹೇಳುವ ಮಾತಿನ ಹಿಂದೆ ಅಂಥ ತಾಳ್ಮೆಯ ಕೆಲಸ ಇದೆ.

ನಮ್ಮ ಪೇಪರ್ ಓದಿ ಬೇರೆ ಬಂದರು ಊರಿನ ಒಬ್ಬ ವೈದ್ಯರು ಫೋನ್ ಮಾಡಿದ್ದರು. ಫಲಿತಾಂಶದ ಬಗ್ಗೆ ಏನೂ ಕೇಳಲಿಲ್ಲ, ರಿಜಿಸ್ಟರಿನ ಕಾಲಂಗಳನ್ನು ಕಳಿಸಿ ಅಂದರು. ಫೋಟೋ ತೆಗೆದು ಕಳಿಸಿದೆ. ಆ ಖುಷಿ ಬೇರೆಯವರ ಪೇಪರಿನಲ್ಲಿ ಸಿಗುವ ಯಾವ ಉಲ್ಲೇಖಕ್ಕೂ ಕಡಿಮೆಯಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ತುರ್ತಲ್ಲದ ಕಲ್ಲಿನ ಆಪರೇಷನ್ನುಗಳನ್ನು ಈಗ ಆದಷ್ಟು ಜೂನ್‌ನಲ್ಲೇ ಇಟ್ಟುಕೊಳ್ಳುತ್ತೇವೆ. ಜುಲೈ ಕೊನೆಯ ವಾರ ಸಿಸ್ಟರ್ ರಿಜಿಸ್ಟರ್ ತೆರೆದು ಕೂರುತ್ತಾರೆ. ಸ್ಟೆಂಟ್ ತೆಗೆದ ಮೇಲೆ ಎಳೆಯುವ ಕೆಂಪು ಗೆರೆ ಇನ್ನೂ ಬೀಳದ ಹೆಸರುಗಳಿಗೆ ಒಂದೊಂದಾಗಿ ಫೋನ್ ಹೋಗುತ್ತದೆ. ಬೋಟ್ ನೀರಿಗಿಳಿಯುವ ಮೊದಲು ಅಷ್ಟೂ ಸ್ಟೆಂಟ್ ಹೊರಗೆ ಬರಬೇಕು.