ವಿಆರ್ ಗ್ಲೌಸ್: ಮೊದಲು ಹೊಲಿಗೆ, ಆಮೇಲೆ ಸರ್ಕ್ಯೂಟ್

ವಿಆರ್ (ವರ್ಚುವಲ್ ರಿಯಾಲಿಟಿ) ಆಟಕ್ಕೆ ಬೆರಳಿನ ಚಲನೆ ಹಿಡಿಯುವ ಗ್ಲೌಸ್ ಮಾಡಲು ಹೊರಟವರು ಮೊದಲು ಹುಡುಕುವುದು ಬೋರ್ಡ್, ಕೋಡ್. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಆದರೆ ಅಳತೆ ಜಾಸ್ತಿ ಕೆಡುವುದು ಸೆನ್ಸರ್ ಬಟ್ಟೆಯ ಮೇಲೆ ಕೂರುವ ಜಾಗದಲ್ಲಿ.

ತೆಳ್ಳಗೆ, ಹಿಗ್ಗುವಂತೆ, ಕೈಗೆ ಬಿಗಿಯಾಗಿ ಕೂರುವ ಗ್ಲೌಸ್ ತೆಗೆದುಕೊಳ್ಳಿ. ಬೆರಳಿನ ಬೆನ್ನಿನ ಮೇಲೆ ಒಂದೊಂದು ಫ್ಲೆಕ್ಸ್ ಸೆನ್ಸರ್ ಬರುತ್ತದೆ, ಅಂದರೆ ಬಾಗಿದಷ್ಟೂ ರೆಸಿಸ್ಟೆನ್ಸ್ ಏರುವ ಪಟ್ಟಿ. ಈಗ ಮುಷ್ಟಿ ಹಿಡಿದು ನೋಡಿ. ಗೆಣ್ಣಿನ ಮೇಲೆ ಚರ್ಮ ಹಿಗ್ಗುತ್ತದೆ, ಬಟ್ಟೆಯೂ ಹಿಗ್ಗುತ್ತದೆ, ಪಟ್ಟಿ ಮಾತ್ರ ಹಿಗ್ಗುವುದಿಲ್ಲ ಅಲ್ವಾ? ಎರಡೂ ತುದಿ ಹೊಲಿದುಬಿಟ್ಟರೆ ಎಳೆದೆಳೆದು ಹೊಲಿಗೆ ಬಿಡುತ್ತದೆ, ಇಲ್ಲವೇ ಪಟ್ಟಿಯೇ ಹಾಳಾಗುತ್ತದೆ. ಅದಕ್ಕೇ ಬೆರಳುದ್ದಕ್ಕೂ ಬಟ್ಟೆಯ ಸಣ್ಣ ಕೊಳವೆ ಹೊಲಿದು, ವೈರ್ ಇರುವ ಬುಡವನ್ನು ಅಂಗೈಯ ಹಿಂಭಾಗದಲ್ಲಿ ಗಟ್ಟಿಯಾಗಿ ಕೂರಿಸಿ, ಇನ್ನೊಂದು ತುದಿ ಒಳಗೇ ಜಾರಾಡುವಂತೆ ಬಿಡಿ. ಬುಡ ತುಂಬಾ ನಾಜೂಕು, ಅಲ್ಲಿ ಬಾಗದಂತೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ.

ಹೆಬ್ಬೆರಳಿಗೆ ಹೆಚ್ಚು ಸಮಯ ಕೊಡಿ. ಉಳಿದ ಬೆರಳುಗಳಿಗೆ ಒಂದೊಂದು ಪಟ್ಟಿ ಸಾಕು, ಆದರೆ ಹೆಬ್ಬೆರಳು ಬುಡದಿಂದಲೇ ಪಕ್ಕಕ್ಕೂ ಅಂಗೈ ಕಡೆಗೂ ತಿರುಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇನ್ನೊಂದು ಪಟ್ಟಿ ಹಾಕಿದರೆ ಚಿವುಟುವುದು, ಹಿಡಿಯುವುದು ಸಹಜವಾಗಿ ಕಾಣುತ್ತದೆ.

ಸರ್ಕ್ಯೂಟ್ ಸುಲಭ. ಪ್ರತಿ ಸೆನ್ಸರ್ ಜೊತೆ ಒಂದು ರೆಸಿಸ್ಟರ್ ಸೇರಿಸಿ ವೋಲ್ಟೇಜ್ ಡಿವೈಡರ್ (ಬೆರಳು ಬಾಗಿದಂತೆ ನಡುವಿನ ವೋಲ್ಟೇಜ್ ಬದಲಾಗುವ ಜೋಡಣೆ) ಮಾಡಿ, ನಡುವಿನ ವೈರ್ ಬೋರ್ಡಿನಲ್ಲಿ ವೋಲ್ಟೇಜ್ ಅಳೆಯುವ ಅನಲಾಗ್ ಪಿನ್‌ಗೆ ಕೊಡಿ. ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್) ಬೋರ್ಡ್ ಆದರೆ 32, 33, 34, 35, 36, 39 ಪಿನ್‌ಗಳನ್ನೇ ಬಳಸಿ. ಉಳಿದ ಅನಲಾಗ್ ಪಿನ್‌ಗಳು ವೈಫೈ ಆನ್ ಆದಾಗ ಕೈಕೊಡುತ್ತವೆ.

ಒಂದೇ ಪ್ಯಾಕಿನ ಎರಡು ಸೆನ್ಸರ್ ಕೂಡ ಒಂದೇ ಅಳತೆ ಕೊಡುವುದಿಲ್ಲ. ಹಾಗಾಗಿ ಗ್ಲೌಸ್ ಹಾಕಿದಾಗಲೆಲ್ಲ ಕೈ ಪೂರ್ತಿ ಬಿಚ್ಚಿ, ಮುಷ್ಟಿ ಹಿಡಿದು, ಪ್ರತಿ ಬೆರಳಿನ ಕನಿಷ್ಠ ಮತ್ತು ಗರಿಷ್ಠ ಅಳತೆ ಉಳಿಸಿಕೊಳ್ಳಿ. ಬೆರಳು ನಡುಗಿದಂತೆ ಕಂಡರೆ ಅಳತೆಯನ್ನು ಸ್ವಲ್ಪ ಸರಾಸರಿ ಮಾಡಿ. ಅತಿಯಾದರೆ ವಿಆರ್ ಕೈ ನಿಮ್ಮ ಕೈಗಿಂತ ಹಿಂದೆ ಬೀಳುತ್ತದೆ, ಅದು ನಡುಕಕ್ಕಿಂತ ಜಾಸ್ತಿ ಕಿರಿಕಿರಿ.

ಬೆರಳು ಎಷ್ಟು ಬಾಗಿದೆ ಎನ್ನುವುದು ಬೇರೆ, ಕೈ ಎಲ್ಲಿದೆ ಎನ್ನುವುದು ಬೇರೆ. 1989ರ ವಿಡಿಯೋ ಗೇಮ್ ಗ್ಲೌಸ್ ಆದ ಪವರ್ ಗ್ಲೋವ್‌ನಲ್ಲೂ ಬೆರಳಿಗೆ ಬಾಗುವ ಸೆನ್ಸರ್, ಜಾಗ ತಿಳಿಯಲು ಅಲ್ಟ್ರಾಸೌಂಡ್, ಹೀಗೆ ಎರಡು ವ್ಯವಸ್ಥೆ ಇತ್ತು. ಐಎಂಯು (ಚಲನೆ, ತಿರುವು ಅಳೆಯುವ) ಚಿಪ್ ಕೈ ಯಾವ ಕಡೆ ತಿರುಗಿದೆ ಎಂದು ಹೇಳುತ್ತದೆ, ಆದರೆ ಅದರಿಂದ ಜಾಗ ಲೆಕ್ಕ ಹಾಕಲು ಹೋದರೆ ಕೆಲವೇ ಸೆಕೆಂಡಿನಲ್ಲಿ ಕೈ ಎಲ್ಲೋ ತೇಲಿಹೋಗುತ್ತದೆ. ಸುಮ್ನೆ ಅದರ ಹಿಂದೆ ಬೀಳಬೇಡಿ. ಅಂಗೈಯ ಹಿಂಭಾಗದಲ್ಲಿ ಕೈ ಇರುವ ಜಾಗ ತಿಳಿಸುವ ಒಂದು ವಿಆರ್ ಟ್ರ್ಯಾಕರ್ ಕೂರಿಸಿ. ಕಂಪ್ಯೂಟರಿನಲ್ಲಿ ವಿಆರ್ ಆಟ ನಡೆಸುವ ತಂತ್ರಾಂಶವಾದ ಸ್ಟೀಮ್‌ವಿಆರ್‌ಗೆ ಗ್ಲೌಸ್ ಜೋಡಿಸಲು ಓಪನ್‌ಗ್ಲೌಸ್ ಡ್ರೈವರ್ ಇದೆ.

ಆಮೇಲೆ 20 ನಿಮಿಷ ಹಾಕಿಕೊಂಡು ಆಡಿ. ಕೈ ಬೆವರಿದ ಮೇಲೆ ಮತ್ತೆ ಮುಷ್ಟಿ ಹಿಡಿಯಿರಿ. ಅಳತೆ ಮೊದಲಿನಂತಿಲ್ಲದಿದ್ದರೆ ಕೋಡ್ ತೆರೆಯುವ ಮೊದಲು ಬುಡದ ಹೊಲಿಗೆ ಸಡಿಲವಾಗಿದೆಯೇ ನೋಡಿ.