ಐಸ್ ಮೇಕರ್ ಬಂತು, ಪ್ಲಗ್ ಹಾಕಬೇಡಿ
ತೀರ್ಥಹಳ್ಳಿ ಕಡೆಯ ನಮ್ಮ ಹೋಂಸ್ಟೇಗೆ ಐಸ್ ಮೇಕರ್ ಬಂದ ದಿನವೇ ಎಲ್ಲರಿಗೂ ಮುರುಗಲ ಶರಬತ್ತಿಗೆ ಐಸ್ ಬೇಕಿತ್ತು. ನಾನು ಬಿಡಲಿಲ್ಲ. ದಾರಿಯಲ್ಲಿ ಕುಲುಕಿದ ಕಂಪ್ರೆಸರ್ ಎಣ್ಣೆ ಕೆಳಗಿಳಿಯಬೇಕು. ಮಲಗಿಸಿ ತಂದಿದ್ದರೆ 24 ಗಂಟೆ ನೆಟ್ಟಗೆ ನಿಲ್ಲಿಸಿಡಿ.

ಜಾಗ ಸಮತಟ್ಟಾಗಿರಲಿ, ಒಲೆಯಿಂದ ದೂರವಿರಲಿ. ಗಾಳಿ ಕಿಂಡಿಗಳ ಸುತ್ತ ಒಂದು ಗೇಣು ಬಿಡಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮೋಡ ಕಟ್ಟಿದರೆ ಗುಡುಗಿಗೆ ಮೊದಲೇ ಪ್ಲಗ್ ತೆಗೆಯಿರಿ.

ನೀರಿನದೇ ದೊಡ್ಡ ವಿಷಯ. ಗುಡ್ಡದಿಂದ ಪೈಪಿನಲ್ಲಿ ಬರುವ ನೀರು ತಿಳಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಐಸ್ ಆದರೂ ಕ್ರಿಮಿ ಸಾಯುವುದಿಲ್ಲ. ಸೋಸಿ, ಕುದಿಸಿ, ಪೂರ್ತಿ ಆರಿಸಿ ಹಾಕಿ. ಮೊದಲ ಸಲದ ಐಸ್ ಚೆಲ್ಲಿಬಿಡಿ. ಬಳಸದ ದಿನ ಟ್ಯಾಂಕ್ ಖಾಲಿ ಮಾಡಿ, ಒರೆಸಿ, ಮುಚ್ಚಳ ತೆರೆದಿಡಿ. ನಮ್ಮ ಮಳೆಗಾಲದಲ್ಲಿ ಬೂಷ್ಟು ಜಾಸ್ತಿ.