ಇಬ್ಬನಿಯ ತಮ್ಮನಿಗೆ ಏನು ಹೆಸರು? ಅಪರೂಪದ ಹೆಸರಿಗೆ ಜೊತೆ ಹುಡುಕುವ ಬಗೆ

ಮೊದಲ ಮಗುವಿಗೆ ಯಾರೂ ಇಡದ ಹೆಸರು ಹುಡುಕಿ ಇಟ್ಟವರಿಗೆ ಎರಡನೆಯದರ ಹೊತ್ತಿಗೆ ಪೇಚಾಟ ಶುರುವಾಗುತ್ತದೆ. ಅಕ್ಕ ಇಬ್ಬನಿ, ತಮ್ಮ ಆರವ್ ಎಂದರೆ ಒಂದೇ ಮನೆಯ ಮಕ್ಕಳ ಹೆಸರು ಅನ್ನಿಸುವುದಿಲ್ಲ. ಹಾಗೆಂದು ಇಬ್ಬನಿಗೆ ಪ್ರಾಸ ಕಟ್ಟಲು ಕೂತರೆ ಕೈಗೆ ಸಿಗುವುದು ಕಂಬನಿ.

ಏಳನೇ ತಿಂಗಳಿಗೇ ಕೆಲಸ ಶುರು ಮಾಡಿ. ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿಸುವುದು 1994ರ ಕಾಯ್ದೆಯಂತೆ ಅಪರಾಧ, ಆದ್ದರಿಂದ ಎರಡೂ ಪಟ್ಟಿ ಬೇಕೇ ಬೇಕು. ಮೊದಲು ದೊಡ್ಡ ಮಗುವಿನ ಹೆಸರನ್ನು ಬಿಡಿಸಿ ಬರೆದುಕೊಳ್ಳಿ. ಇಬ್ಬನಿ ಅಚ್ಚಗನ್ನಡದ ಮಾತು, ಪ್ರಕೃತಿಗೆ ಸೇರಿದ್ದು, ದೇವರ ಹೆಸರಲ್ಲ. ಮೂರಕ್ಷರ, ನಡುವೆ ಒತ್ತು, ಕೊನೆಗೆ ಇಕಾರ. ಇದರಲ್ಲಿ ಎರಡನ್ನು ಹೊಂದಿಸಿ, ಉಳಿದದ್ದನ್ನು ಬಿಟ್ಟುಬಿಡಿ. ಹೊಂದಿಸಬೇಕಾದ್ದು ಪದದ ಮೂಲ ಮತ್ತು ಅಳತೆ, ಸದ್ದನ್ನಲ್ಲ. ಅಕ್ಕ ಇಬ್ಬನಿ, ತಂಗಿ ಇಂಚರ ಎಂದಿಟ್ಟರೆ ಎರಡನೇ ಮಹಡಿಯಿಂದ ಕೂಗಿದಾಗ ಕೆಳಗೆ ಆಡುವವರಿಗೆ ಕೇಳಿಸುವುದು ಮೊದಲ 'ಇ' ಮಾತ್ರ, ಇಬ್ಬರೂ ತಲೆ ಎತ್ತುತ್ತಾರೆ. ಇನಿಷಿಯಲ್ ಕೂಡ ಒಂದೇ ಆಗುವುದರಿಂದ ಶಾಲೆಯ ಡೈರಿಯಿಂದ ಹಿಡಿದು ಕೊರಿಯರ್‌ವರೆಗೆ ಅದಲು ಬದಲು ತಪ್ಪಿದ್ದಲ್ಲ.

ಅರ್ಥಗಳು ಪರಸ್ಪರ ಜಗಳವಾಡುತ್ತವೆಯೇ ಎಂಬುದನ್ನೂ ನೋಡಿ. ಇಬ್ಬನಿಯ ತಮ್ಮನಿಗೆ ನೇಸರ ಎನ್ನುವ ಹೆಸರು ಮೊದಲ ಕೇಳುವಿಕೆಗೆ ಸೊಗಸು. ಆದರೆ ನೇಸರ ಮೇಲೆ ಬಂದರೆ ಇಬ್ಬನಿ ಆರಿ ಹೋಗುತ್ತದೆ. ನಾಮಕರಣದ ಊಟದಲ್ಲಿ ಯಾರಾದರೂ ಚಿಕ್ಕಪ್ಪ ಇದನ್ನು ಹೇಳದೆ ಬಿಡುವುದಿಲ್ಲ. ಮುಗಿಲು ಎಂದಿಟ್ಟರೆ, ಮುಗಿಲು ಕವಿದ ರಾತ್ರಿ ಇಬ್ಬನಿ ಸರಿಯಾಗಿ ಕೂರುವುದಿಲ್ಲ ಎಂಬುದೂ ನಿಜವೇ, ಆದರೆ ಅಷ್ಟು ದೂರ ಯೋಚಿಸುವ ನೆಂಟರು ಕಡಿಮೆ. ಚಂದಿರ ಆದೀತು: ಅದೂ ರಾತ್ರಿಯದೇ, ಮೂರಕ್ಷರ, ತಿಳಿಗನ್ನಡ, ಹೆಸರಾಗಿ ಅಪರೂಪ.

ಇನ್ನು ವಿಭಕ್ತಿ ಹಚ್ಚಿ ನೋಡುವುದು. ಅಪರೂಪದ ಕನ್ನಡ ಹೆಸರುಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ, ಮತ್ತು ಹೆಸರಿನ ಪಟ್ಟಿ ಮಾರುವ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಪ್ರತಿ ಹೆಸರನ್ನೂ ಅಡುಗೆಮನೆಯ ನಾಲ್ಕು ಮಾತಿನಲ್ಲಿ ಆಡಿ ನೋಡಿ: ಚಂದಿರನಿಗೆ ತಿಂಡಿ ಆಯ್ತಾ, ಚಂದಿರನ ಚಪ್ಪಲಿ ಎಲ್ಲಿ, ಚಂದಿರನನ್ನ ಎಬ್ಬಿಸು, ಚಂದಿರನ ಹತ್ರ ಕೇಳು. ಸಲೀಸಾಗಿ ಬರುತ್ತದೆ. ಈಗ ಹೊನಲು: 'ಹೊನಲಿಗೆ ಜ್ವರ', 'ಹೊನಲಲ್ಲಿ ಏನು ಹಟ'. ಉಕಾರದಲ್ಲಿ ಮುಗಿಯುವ ವಸ್ತುವಾಚಕಗಳು ಮಗುವಿಗೆ ಹಚ್ಚಿದ ಮೇಲೂ ವಸ್ತುವಿನಂತೆಯೇ ನಡೆದುಕೊಳ್ಳುತ್ತವೆ. ಕೆಲವರು 'ಹೊನಲುಗೆ' ಎಂದು ಬಳಸಿ ದಾರಿ ಮಾಡಿಕೊಳ್ಳುತ್ತಾರೆ, ಅದೂ ಸರಿ. ಆದರೆ ಅಜ್ಜಿಯೊಬ್ಬರು ಒಂದು ರೀತಿ, ಅಮ್ಮ ಇನ್ನೊಂದು ರೀತಿ ಹೇಳುವಂತಾಗದಿರಲಿ. 'ಕುಡಿ' ಎಂಬ ಮುದ್ದಾದ ಹೆಸರು ಮೊದಲ ದಿನವೇ 'ಕುಡಿ, ಹಾಲು ಕುಡಿ' ಎನ್ನುವಲ್ಲಿ ಮುಗ್ಗರಿಸುತ್ತದೆ.

ದೊಡ್ಡದಕ್ಕೆ ನದಿಯ ಹೆಸರಿದ್ದರೆ ತುಂಗಾ ಎಂದೊಡನೆ ಭದ್ರಾ ನಾಲಗೆಗೆ ಬರುತ್ತದೆ. ಬೇಡ. ಎರಡೂ ಕೂಡಲಿಯಲ್ಲಿ ಸೇರಿ ಲೆಕ್ಕ ಮುಗಿದುಹೋಗುತ್ತದೆ, ಮೂರನೆಯದು ಹುಟ್ಟಿದರೆ ಅದಕ್ಕೆ ಜಾಗವೇ ಇರುವುದಿಲ್ಲ. ಪಂಚಾಂಗ ನೋಡುವ ಮನೆಯಲ್ಲಿ ಭದ್ರೆ ಎಂದರೆ ವಿಷ್ಟಿಕರಣ, ಶುಭಕಾರ್ಯ ಮಾಡದೆ ಬಿಡುವ ಹೊತ್ತು ಎಂಬ ತಕರಾರು ಬೇರೆ. ಲವ-ಕುಶ ಜೋಡಿಗೂ ಇದೇ ತೊಂದರೆ. ಶಾಲ್ಮಲಾ, ವೇದಾವತಿ, ಅರ್ಕಾವತಿ ಇವು ತುಂಗೆಯ ಪಕ್ಕ ನಿಲ್ಲುತ್ತವೆ, ಒಂಟಿಯಾಗಿಯೂ ನಿಲ್ಲುತ್ತವೆ. ವೃಷಭಾವತಿಯೂ ಒಳ್ಳೆಯ ಹೆಸರೇ, ಆದರೆ ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದವರ ಮುಂದೆ ಅದನ್ನು ಹೇಳಲಾಗದು.

ಬೆಂಗಳೂರಿಗೇ ಸೇರಿದ ಇನ್ನೊಂದು ಸೋಸುವಿಕೆ ಇದೆ. ಅಣ್ಣ ಮಯೂರ, ತಮ್ಮ ಹೊಯ್ಸಳ: ಕದಂಬರ ನಂತರ ಹೊಯ್ಸಳರು, ಇತಿಹಾಸ ಚೆನ್ನಾಗಿದೆ. ಬೀದಿಯಲ್ಲಿ ಮಾತ್ರ ಮಯೂರ ಎಂದರೆ ಪ್ರವಾಸೋದ್ಯಮ ನಿಗಮದ ಹೋಟೆಲು, ಹೊಯ್ಸಳ ಎಂದರೆ ಪೊಲೀಸ್ ಗಸ್ತಿನ ಗಾಡಿ. ವಜ್ರ, ಐರಾವತ ಬಸ್ಸುಗಳಾದವು, ನಂದಿನಿ ಹಾಲಿನ ಪ್ಯಾಕೆಟ್ಟಾಯಿತು. ರಾಷ್ಟ್ರಕೂಟರ ಅಮೋಘವರ್ಷನನ್ನು ನೆನಪಿಸುವ ಅಮೋಘ ಬೆಂಗಳೂರಿನ ಬೀದಿಯಲ್ಲಿ ಅಷ್ಟಾಗಿ ಸವೆದಿಲ್ಲ. ಮಯೂರನ ತಮ್ಮನಿಗೆ ಅದು ಒಪ್ಪುತ್ತದೆ.

ಪಕ್ಕದ ಮನೆಯವರು, ಟೀಚರು ಎಲ್ಲರೂ ಕನ್ನಡದವರೇ ಆಗಿರುವುದಿಲ್ಲವಲ್ಲ. ಹಿಂದಿ ಮಾತಾಡುವವರ ಬಾಯಲ್ಲಿ 'ಳ' ಸಾಮಾನ್ಯವಾಗಿ 'ಲ' ಆಗುತ್ತದೆ, ಹ್ರಸ್ವ ಎ, ಒ ಎಳೆದು ದೀರ್ಘವಾಗುತ್ತವೆ. ಬೆಳಕು ಹೋಗಿ 'ಬೇಲಾಕು' ಬರುತ್ತದೆ. ಅಕ್ಕನ ಹೆಸರು ಈಗಾಗಲೇ ಹೀಗೆ ನುಲಿದಿದ್ದರೆ ಎರಡನೆಯದಕ್ಕಾದರೂ ಈ ಮೂರು ಅಕ್ಷರ ತಪ್ಪಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕನ್ನಡ ಬಾರದ ಇಬ್ಬರ ಕೈಲಿ ಓದಿಸಿ. ಹನಿ ಎಂಬುದನ್ನು ಅವರು ಜೇನು ಮಾಡಿಬಿಡುತ್ತಾರೆ.

ನಕ್ಷತ್ರದ ಅಕ್ಷರ ನೋಡುವವರು ಹುಟ್ಟಿದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಆಸ್ಪತ್ರೆಯ ದಾಖಲೆಯಿಂದಲೇ ಬರೆದುಕೊಳ್ಳಿ. ಒಂದು ಪಾದ, ಅಂದರೆ ನಕ್ಷತ್ರದ ಕಾಲುಭಾಗ, ಇರುವುದು ಸುಮಾರು 6 ಗಂಟೆ. ಅಂಚಿನಲ್ಲಿ ಹುಟ್ಟಿದ ಮಗುವಿಗೆ ಅಂದಾಜಿನ ಸಮಯ ಹೇಳಿದರೆ ಅಕ್ಷರವೇ ಬದಲಾಗುತ್ತದೆ. ಮೃಗಶಿರದ ಮೂರನೇ ಪಾದಕ್ಕೆ 'ಕ' ಬಂದರೆ ಸುಲಭ. ಆರಿದ್ರೆಯ ಮೂರನೇ ಪಾದಕ್ಕೆ ಬರುವುದು 'ಙ', ಹಸ್ತದ ಮೂರನೆಯದಕ್ಕೆ 'ಣ'. ಅದರಲ್ಲಿ ಯಾವ ಹೆಸರೂ ಏಳುವುದಿಲ್ಲ. ಜಗಳವಾಡಬೇಕಿಲ್ಲ. ನಾಮಕರಣದಲ್ಲಿ ನಕ್ಷತ್ರನಾಮ ಬೇರೆ, ವ್ಯವಹಾರನಾಮ ಬೇರೆ. ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಎರಡನ್ನೂ ಬರೆಯಬಹುದು, ಹಿರಿಯರ ಹೆಸರೂ ಅಲ್ಲೇ ಸೇರುತ್ತದೆ. ದಾಖಲೆಗೆ ಹೋಗುವುದು ವ್ಯವಹಾರನಾಮ ಮಾತ್ರ.

ಆ ದಾಖಲೆಗೂ ಆತುರ ಬೇಡ. ಜನನ ನೋಂದಣಿಗೆ 21 ದಿನದ ಗಡುವು, ಅದನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ಡಿಸ್ಚಾರ್ಜ್ ದಿನ ಹೆಸರು ಕೇಳಿದರೆ ಆ ಜಾಗ ಖಾಲಿ ಬಿಡಿಸಿ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ತಡಶುಲ್ಕ ಕಟ್ಟಿ ಸೇರಿಸಬೇಕಾಗುತ್ತದೆ. 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರವೊಂದೇ. ಆಧಾರ್‌ನಲ್ಲಿ ಹೆಸರು ತಿದ್ದಲು ಸಿಗುವುದು ಎರಡೇ ಸಲ.

ನೋಂದಣಿ ಕಚೇರಿಗೆ ಹೋಗುವಾಗ ಹೆಸರನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದ ಚೀಟಿ ಕೊಡಿ, ಬಾಯಲ್ಲಿ ಹೇಳಬೇಡಿ. ಕೇಳದ ಹೆಸರನ್ನು ಕೇಳಿದ ಹೆಸರಿಗೆ ತಿದ್ದುವುದು ಟೈಪ್ ಮಾಡುವವರ ಅಭ್ಯಾಸ: ಚಂದಿರ 'ಚಂದ್ರ' ಆಗುತ್ತಾನೆ, ಇಬ್ಬನಿಯ ಒತ್ತು ಉದುರಿ 'ಇಬನಿ' ಆಗುತ್ತಾಳೆ. ಮುದ್ರಿಸುವ ಮೊದಲು ಪರದೆ ತೋರಿಸಲು ಕೇಳಿ ಎರಡೂ ಸಾಲು ಓದಿ. ಅಕ್ಕನ ಪ್ರಮಾಣಪತ್ರದ ಜೆರಾಕ್ಸ್ ಜೊತೆಗಿರಲಿ. ಅಪ್ಪ ಅಮ್ಮನ ಹೆಸರಿನ ಸ್ಪೆಲಿಂಗ್, ಇನಿಷಿಯಲ್ ಬಿಡಿಸಿ ಬರೆದ ರೀತಿ, ಕೊನೆಗೆ ಬರುವ ಹೆಸರು ಮೂರೂ ಅದರಲ್ಲಿರುವಂತೆಯೇ ಇದರಲ್ಲೂ ಬರಬೇಕು.